ಮನೆ ತುಂಬ ಜನ ಬಂದಾಗ ಓವನ್ ಚೀಸ್‌ಬರ್ಗರ್ ಸ್ಲೈಡರ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಮನೆಗೆ ಒಟ್ಟಿಗೆ ಇಪ್ಪತ್ತು ಮೂವತ್ತು ಜನ ಬರುವ ದಿನಗಳು ವರ್ಷದಲ್ಲಿ ಕೆಲವಾದರೂ ಇರುತ್ತವೆ. ಫೆಬ್ರವರಿಯ ಎರಡನೇ ಭಾನುವಾರ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಪಂದ್ಯ. ಮೇ, ಜೂನ್ ಬಂದರೆ ಮಕ್ಕಳ ಗ್ರ್ಯಾಜುಯೇಷನ್ ಪಾರ್ಟಿ. ಜುಲೈ 4ಕ್ಕೆ, ಇಲ್ಲಿನ ಸ್ವಾತಂತ್ರ್ಯ ದಿನಕ್ಕೆ, ಹಿತ್ತಲಲ್ಲಿ ಊಟ. ಇಂಥ ದಿನ ಗ್ರಿಲ್ ಮುಂದೆ ನಿಂತು ಒಂದೊಂದೇ ಬರ್ಗರ್ ತಿರುವಿ ಹಾಕುತ್ತಾ ಕೂತರೆ ಬಂದವರ ಜೊತೆ ಎರಡು ಮಾತು ಆಡುವುದಕ್ಕೂ ಆಗುವುದಿಲ್ಲ. ಓವನ್ ಸ್ಲೈಡರ್ ಆ ತೊಂದರೆ ತಪ್ಪಿಸುತ್ತದೆ. ಒಂದು ಟ್ರೇ ಒಳಗೆ ಹೋದರೆ 12 ಬರ್ಗರ್ ಒಟ್ಟಿಗೆ ಹೊರಗೆ ಬರುತ್ತವೆ. ಗೆಳೆಯರು, ನೆಂಟರು, ಮಕ್ಕಳ ಸ್ನೇಹಿತರ ಅಪ್ಪ ಅಮ್ಮಂದಿರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಓವನ್ ಸ್ಲೈಡರ್ ಅಂದರೆ ಏನು? ಬರ್ಗರನ್ನೇ ಚಿಕ್ಕದು ಮಾಡಿದರೆ ಆಯ್ತಲ್ವಾ?

ಗಾತ್ರ ಮಾತ್ರ ಅಲ್ಲ, ಮಾಡುವ ರೀತಿಯೇ ಬೇರೆ. ಒಂದಕ್ಕೊಂದು ಅಂಟಿಕೊಂಡಿರುವ 12 ಪುಟ್ಟ ಬನ್‌ಗಳನ್ನು ಬಿಡಿಸದೆ, ಇಡೀ ಹಾಳೆಯನ್ನು ಅಡ್ಡಲಾಗಿ ಎರಡು ಪದರ ಮಾಡಿ ಕೊಯ್ಯುತ್ತೇವೆ. ನಡುವೆ ಮಾಂಸ, ಚೀಸ್. ಮೇಲೆ ಬೆಣ್ಣೆ ಸವರಿ ಓವನ್‌ಗೆ ಇಡುತ್ತೇವೆ. ಬೆಂದ ಮೇಲೆ ಬನ್ ಗೆರೆಗಳ ಮೇಲೆ ಕೊಯ್ದರೆ 12 ಬರ್ಗರ್.

ಚಿಕ್ಕ ಬರ್ಗರ್ ಅಮೆರಿಕಕ್ಕೆ ಹೊಸದೇನಲ್ಲ. ಕ್ಯಾನ್ಸಸ್ ರಾಜ್ಯದ ವಿಚಿಟಾ ಊರಲ್ಲಿ 1921ರಲ್ಲಿ ವಾಲ್ಟರ್ ಆಂಡರ್ಸನ್ ಮತ್ತು ಬಿಲ್ಲಿ ಇನ್‌ಗ್ರಾಮ್ ವೈಟ್ ಕ್ಯಾಸಲ್ ಅಂಗಡಿ ತೆರೆದರು. ಐದು ಸೆಂಟ್‌ಗೆ ಒಂದು ಪುಟ್ಟ ಚೌಕ ಬರ್ಗರ್. ಈರುಳ್ಳಿ ಹರಡಿ ಅದರ ಮೇಲೆ ಮಾಂಸ ಇಟ್ಟು, ಆ ಹಬೆಯಲ್ಲೇ ಬನ್ ಕೂಡ ಬಿಸಿ ಮಾಡುವುದು ಅವರ ಪದ್ಧತಿ. ನಮ್ಮ ಟ್ರೇಯಲ್ಲೂ ಈರುಳ್ಳಿ, ಹಬೆ, ಮೆತ್ತನೆ ಬನ್ ಇವೆ. ಆದರೆ ಅಲ್ಲಿ ಹಬೆ ಬೇಕೆಂದೇ ಇತ್ತು. ಇಲ್ಲಿ ಅದನ್ನು ಹಿಡಿತದಲ್ಲಿ ಇಡಬೇಕು. ಸ್ಲೈಡರ್ ಕೆಟ್ಟರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ನೀರು. ಮಸಾಲೆ ಹೆಚ್ಚು ಕಡಿಮೆ ಆಗಿ ಕೆಡುವುದು ಅಪರೂಪ. ಮುಂದಿನ ಉತ್ತರಗಳಲ್ಲಿ ಇದೇ ಮಾತು ಮತ್ತೆ ಮತ್ತೆ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಒಂದು ಟ್ರೇಗೆ ಏನೇನು ಬೇಕು?

9 ಇಂಚು ಅಗಲ, 13 ಇಂಚು ಉದ್ದದ ಟ್ರೇ. ಅಮೆರಿಕದ ಬಹುತೇಕ ಮನೆಗಳಲ್ಲಿ ಇದೊಂದು ಇದ್ದೇ ಇರುತ್ತದೆ. 12 ಸ್ಲೈಡರ್‌ಗೆ ಇಷ್ಟು ಸಾಕು:

ಅಂಟಿಕೊಂಡ 12 ಬನ್‌ಗಳ ಒಂದು ಹಾಳೆ. ಬೀಫ್ ಖೀಮಾ 2 ಪೌಂಡ್, ಅಂದರೆ ಸುಮಾರು 900 ಗ್ರಾಂ. ಒಂದು ದೊಡ್ಡ ಈರುಳ್ಳಿ, ಸಣ್ಣಗೆ ಹೆಚ್ಚಿದ್ದು. ಅಮೆರಿಕನ್ ಚೀಸ್ 12 ಹಾಳೆ. ಉಪ್ಪು ಒಂದೂವರೆ ಟೀ ಚಮಚ, ಕಾಳುಮೆಣಸಿನ ಪುಡಿ ಒಂದು ಟೀ ಚಮಚ, ಬೆಳ್ಳುಳ್ಳಿ ಪುಡಿ ಅರ್ಧ ಚಮಚ. ಮೇಲೆ ಸವರಲು 4 ದೊಡ್ಡ ಚಮಚ ಬೆಣ್ಣೆ, ಒಂದು ಟೀ ಚಮಚ ಸಾಸಿವೆ ಪೇಸ್ಟ್, ಒಂದು ಟೀ ಚಮಚ ವೂಸ್ಟರ್‌ಶೈರ್ ಸಾಸ್, ಒಂದು ಚಮಚ ಬಿಳಿ ಎಳ್ಳು. ಆಮೇಲೆ ಒಳಗೆ ಇಡುವುದಕ್ಕೆ ಡಿಲ್ ಪಿಕಲ್ (ಉಪ್ಪುನೀರಲ್ಲಿ ನೆನೆಸಿದ ಹುಳಿ ಸೌತೆಕಾಯಿ) ಬಿಲ್ಲೆಗಳು, ಕೆಚಪ್, ಸಾಸಿವೆ.

ಒಂದು ಪೌಂಡ್ ಮಾಂಸ ಸಾಕು ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹುರಿದು ಕೊಬ್ಬು ಬಸಿದ ಮೇಲೆ ಮಾಂಸದ ತೂಕ ಸುಮಾರು ಕಾಲು ಭಾಗ ಇಳಿಯುತ್ತದೆ. 900 ಗ್ರಾಂ ಹಾಕಿದರೆ ಉಳಿಯುವುದು 680 ಗ್ರಾಂ ಆಸುಪಾಸು. ಒಂದು ಸ್ಲೈಡರ್‌ಗೆ ಐವತ್ತು ಗ್ರಾಂ ಚಿಲ್ಲರೆ. ಅದಕ್ಕಿಂತ ಕಡಿಮೆಯಾದರೆ ಬಾಯಿಗೆ ಬರೀ ಬನ್ ಸಿಗುತ್ತದೆ.

ಮಾಡುವ ಕ್ರಮವನ್ನು ಒಮ್ಮೆ ಪೂರ್ತಿ ಹೇಳುತ್ತೀರಾ?

ಓವನ್ 350 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಸುಮಾರು 175 ಸೆಲ್ಸಿಯಸ್‌ಗೆ ಮೊದಲೇ ಕಾಯಲು ಬಿಡಿ. ಅಗಲ ಬಾಣಲೆಯನ್ನು ಜೋರು ಉರಿಯಲ್ಲಿ ಕಾಯಿಸಿ ಮಾಂಸ ಹರಡಿ. ಎರಡು ಮೂರು ನಿಮಿಷ ಕೈ ಹಾಕಬೇಡಿ. ತಳ ಕಂದು ಬಣ್ಣಕ್ಕೆ ಬರಲಿ. ಆಮೇಲೆ ಪುಡಿ ಮಾಡಿ, ಈರುಳ್ಳಿ, ಉಪ್ಪು, ಮೆಣಸು, ಬೆಳ್ಳುಳ್ಳಿ ಪುಡಿ ಹಾಕಿ. ಗುಲಾಬಿ ಬಣ್ಣ ಪೂರ್ತಿ ಹೋಗಿ, ಬಾಣಲೆಯಲ್ಲಿ ನೀರಿನ ಸದ್ದು ನಿಂತು ಕೊಬ್ಬಿನ ಚಟಪಟ ಸದ್ದು ಶುರುವಾಗುವವರೆಗೆ ಹುರಿಯಿರಿ. ಜರಡಿಗೆ ಸುರಿದು ಕೊಬ್ಬು ಬಸಿಯಿರಿ. ಆ ಕೊಬ್ಬನ್ನು ಸಿಂಕ್‌ಗೆ ಸುರಿಯಬೇಡಿ, ಪೈಪು ಕಟ್ಟಿಕೊಳ್ಳುತ್ತದೆ. ಖಾಲಿ ಡಬ್ಬಕ್ಕೆ ಹಾಕಿ, ಗಟ್ಟಿಯಾದ ಮೇಲೆ ಕಸಕ್ಕೆ.

ಈ ನಡುವೆ ಬನ್ ಹಾಳೆಯನ್ನು ಹಲ್ಲಿನ ಚಾಕುವಿನಿಂದ ಅಡ್ಡಲಾಗಿ ಕೊಯ್ಯಿರಿ. ಕೆಳಗಿನ ಪದರವನ್ನು ಬೆಣ್ಣೆ ಸವರಿದ ಟ್ರೇಯಲ್ಲಿ ಇಟ್ಟು, ಕೊಯ್ದ ಮುಖ ಮೇಲೆ ಬರುವಂತೆ, 5 ನಿಮಿಷ ಓವನ್‌ನಲ್ಲಿ ಗರಿಯಾಗಿಸಿ. ಹೊರ ತೆಗೆದು 6 ಹಾಳೆ ಚೀಸ್ ಹಾಸಿ. ಅದರ ಮೇಲೆ ಮಾಂಸ. ಮೇಲೆ ಉಳಿದ 6 ಹಾಳೆ ಚೀಸ್. ಬನ್ ಮುಚ್ಚಳ ಮುಚ್ಚಿ. ಕರಗಿಸಿದ ಬೆಣ್ಣೆಗೆ ಸಾಸಿವೆ, ವೂಸ್ಟರ್‌ಶೈರ್ ಕಲಸಿ ಮೇಲೆ ಸವರಿ ಎಳ್ಳು ಉದುರಿಸಿ. ಫಾಯಿಲ್ ಸಡಿಲವಾಗಿ ಮುಚ್ಚಿ 15 ನಿಮಿಷ. ಫಾಯಿಲ್ ತೆಗೆದು ಇನ್ನೂ 5 ನಿಮಿಷ. ಹೊರಗೆ ತೆಗೆದು 5 ನಿಮಿಷ ಸುಮ್ನೆ ಬಿಡಿ. ಆಮೇಲೆ ಕೊಯ್ಯಿರಿ. ತಕ್ಷಣ ಕೊಯ್ದರೆ ಚೀಸ್ ಹರಿದು ಟ್ರೇ ಪಾಲಾಗುತ್ತದೆ.

ಕೆಳಗಿನ ಬನ್ ನೆಂದು ಮುದ್ದೆಯಾಗುತ್ತೆ. ಏನು ಮಾಡಲಿ?

ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ ಸ್ವಲ್ಪ ಉದ್ದ.

ಮೊದಲು ನೀರು ಎಲ್ಲಿಂದ ಬರುತ್ತದೆ ಅಂತ ನೋಡೋಣ. ಮಾಂಸದಲ್ಲೇ ಅರ್ಧಕ್ಕಿಂತ ಜಾಸ್ತಿ ನೀರು. ಈರುಳ್ಳಿಯಲ್ಲಿ ಇನ್ನೂ ಜಾಸ್ತಿ. ಪಿಕಲ್ ಉಪ್ಪುನೀರಲ್ಲೇ ನೆಂದದ್ದು. ಟೊಮೆಟೊ ಹಾಕಿದರೆ ಕೇಳುವುದೇ ಬೇಡ. ಕೆಚಪ್, ಮೇಯನೇಸ್ ಒಳಗೆ ಸವರಿ ಬೇಯಿಸಿದರೆ ಅದೂ ಸೇರಿತು. ಮೇಲೆ ಫಾಯಿಲ್ ಬಿಗಿಯಾಗಿ ಮುಚ್ಚಿದರೆ ಎದ್ದ ಹಬೆ ಹೊರಗೆ ಹೋಗದೆ ಮತ್ತೆ ಬನ್ ಮೇಲೇ ಇಳಿಯುತ್ತದೆ. ಇದೆಲ್ಲ ಕೊನೆಗೆ ಸೇರುವ ಜಾಗ ಒಂದೇ, ಕೆಳಗಿನ ಬನ್.

ಹಾಗಾಗಿ ಒಂದು ಕಡೆ ಜಾಗ್ರತೆ ಮಾಡಿದರೆ ಸಾಲದು. ಮಾಂಸವನ್ನು ಒಣಗುವವರೆಗೆ ಹುರಿದು ಬಸಿಯಬೇಕು. ಜರಡಿಯಲ್ಲಿ ಎರಡು ನಿಮಿಷ ಬಿಟ್ಟರೆ ಕೆಳಗೆ ಎಷ್ಟು ಇಳಿದಿದೆ ಅಂತ ನೀವೇ ನೋಡುತ್ತೀರಿ. ಬನ್‌ನ ಕೊಯ್ದ ಮುಖ ಗರಿಯಾಗಿರಬೇಕು. ಆ ಗರಿ ಪದರ ರಸವನ್ನು ತಕ್ಷಣ ಒಳಗೆ ಬಿಡುವುದಿಲ್ಲ. ಅದರ ಮೇಲೆ ಮೊದಲು ಚೀಸ್, ಆಮೇಲೆ ಮಾಂಸ. ಕರಗಿದ ಚೀಸ್‌ನಲ್ಲಿ ಕೊಬ್ಬು ಜಾಸ್ತಿ ಇರುವುದರಿಂದ ರಸ ಸುಲಭವಾಗಿ ದಾಟುವುದಿಲ್ಲ. ತುಂಬ ಜನ ಚೀಸನ್ನೆಲ್ಲ ಮೇಲೆ ಮಾತ್ರ ಹಾಕುತ್ತಾರೆ. ನೋಡುವುದಕ್ಕೆ ಚೆನ್ನ, ಆದರೆ ಬನ್‌ಗೆ ರಕ್ಷಣೆ ಇಲ್ಲ. ಇದ್ದ ಚೀಸನ್ನೇ ಅರ್ಧ ಕೆಳಗೆ ಅರ್ಧ ಮೇಲೆ ಹಂಚಿ ಹಾಕಿ, ಒಂದೇ ಸಲಕ್ಕೆ ವ್ಯತ್ಯಾಸ ಕಾಣುತ್ತದೆ.

ಪಿಕಲ್, ಟೊಮೆಟೊ, ಲೆಟಿಸ್, ಸಾಸ್ ಯಾವುದೂ ಓವನ್‌ಗೆ ಹೋಗಬಾರದು. ಪಿಕಲನ್ನು ಕಾಗದದ ಟವೆಲ್ ಮೇಲೆ ಒತ್ತಿ ನೀರು ತೆಗೆದು, ಬಡಿಸುವಾಗ ಮುಚ್ಚಳ ಎತ್ತಿ ಒಳಗಿಡಿ. ಅಥವಾ ಬಟ್ಟಲಲ್ಲಿ ಪಕ್ಕಕ್ಕಿಡಿ, ಬೇಕಾದವರು ಹಾಕಿಕೊಳ್ಳುತ್ತಾರೆ. ಕೊನೆಯದಾಗಿ ಫಾಯಿಲ್. ಅದು ಗುಡಾರದ ಹಾಗೆ ನಡುವೆ ಎತ್ತರವಾಗಿರಲಿ, ಅಂಚು ಸಡಿಲವಾಗಿರಲಿ. ಬನ್‌ಗೆ ತಾಗುವಂತಿದ್ದರೆ ಒಳಮುಖಕ್ಕೆ ಎಣ್ಣೆ ಸವರಿ, ಇಲ್ಲದಿದ್ದರೆ ಎಳ್ಳೆಲ್ಲ ಫಾಯಿಲ್‌ಗೆ ಅಂಟುತ್ತದೆ.

ಯಾವ ಮಾಂಸ ತರಬೇಕು? 80/20 ಅಂತ ಪೊಟ್ಟಣದ ಮೇಲೆ ಇರುತ್ತಲ್ಲ, ಅದೇನು?

80 ಭಾಗ ಮಾಂಸ, 20 ಭಾಗ ಕೊಬ್ಬು. ಬರ್ಗರ್‌ಗೆ ಅಮೆರಿಕದಲ್ಲಿ ಇದೇ ವಾಡಿಕೆ. 93/7 ತಂದರೆ ಕೊಬ್ಬು ಬಸಿಯುವ ಕೆಲಸ ಕಡಿಮೆ, ಆದರೆ ಮಾಂಸ ಒಣಗಿ ಮರಳಿನಂತೆ ಬಾಯಿಗೆ ಸಿಗುತ್ತದೆ. 85/15 ಕೂಡ ಆಗಬಹುದು. ನನ್ನ ಓಟು 80/20ಕ್ಕೆ. ಕೊಬ್ಬು ಬಸಿದರೂ ಅದರ ರುಚಿ ಮಾಂಸದಲ್ಲೇ ಉಳಿದಿರುತ್ತದೆ.

ಪುಡಿಯಾಗಿ ಹುರಿಯುವುದೋ, ಒಂದೇ ಹಾಳೆಯಾಗಿ ಬೇಯಿಸುವುದೋ?

ಎರಡೂ ನಡೆಯುತ್ತದೆ. ಹಾಳೆಯ ರೀತಿ ಹೀಗೆ: ಹಸಿ ಮಾಂಸಕ್ಕೆ ಈರುಳ್ಳಿ, ಮೆಣಸು ಕಲಸಿ 9×13 ಟ್ರೇಯಲ್ಲಿ ಅಂಚಿನವರೆಗೂ ಒತ್ತಿ. ಸುಮಾರು ಅರ್ಧ ಇಂಚು ದಪ್ಪ ಬರುತ್ತದೆ. ಉಪ್ಪನ್ನು ಒಳಗೆ ಕಲಸಬೇಡಿ, ಮೇಲೆ ಉದುರಿಸಿ. ಉಪ್ಪು ಹಾಕಿ ಜಾಸ್ತಿ ನಾದಿದರೆ ಮಾಂಸ ಸಾಸೇಜ್‌ನಂತೆ ಬಿಗಿಯಾಗುತ್ತದೆ. 400 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 15ರಿಂದ 20 ನಿಮಿಷ ಬೇಯಿಸಿ. ಬೆಂದಾಗ ಎಲ್ಲ ಕಡೆಯಿಂದ ಕುಗ್ಗಿ ಹೆಚ್ಚುಕಡಿಮೆ ಬನ್ ಹಾಳೆಯ ಅಳತೆಗೆ ಬರುತ್ತದೆ. ಕೊಬ್ಬು ಬಸಿದು, ಕಾಗದದ ಟವೆಲ್‌ನಿಂದ ಒತ್ತಿ ಒರೆಸಿ, ಎತ್ತಿ ಬನ್ ಮೇಲೆ ಇಡಿ.

ಹಾಳೆಯದು ನಿಜವಾದ ಬರ್ಗರ್ ಕಚ್ಚಿದ ಹಾಗಿರುತ್ತದೆ, ತಿನ್ನುವಾಗ ಉದುರುವುದಿಲ್ಲ. ಬಾಣಲೆಯ ಪುಡಿಗೆ ಕಂದು ಬಣ್ಣ ಚೆನ್ನಾಗಿ ಬರುತ್ತದೆ, ಆ ಕಂದಿನಲ್ಲೇ ಬರ್ಗರ್ ಪರಿಮಳ ಇರುವುದು. ಒಂದೆರಡು ಟ್ರೇ ಮಾಡುವುದಾದರೆ ನಾನು ಬಾಣಲೆ ಹಿಡಿಯುತ್ತೇನೆ. ಐದಾರು ಟ್ರೇ ಆದರೆ ಹಾಳೆಯೇ ಸರಿ. ಒಲೆ ಮುಂದೆ ನಿಲ್ಲುವ ಕೆಲಸ ತಪ್ಪುತ್ತದೆ.

ಮಾಂಸ ಬೆಂದಿದೆ ಅಂತ ಹೇಗೆ ಗೊತ್ತಾಗುತ್ತೆ?

ಕಣ್ಣಳತೆ ನಂಬಬೇಡಿ. ಬಣ್ಣ ಕಂದಾದರೂ ಒಳಗೆ ಬೆಂದಿರದೇ ಇರಬಹುದು. ಅಮೆರಿಕದ ಕೃಷಿ ಇಲಾಖೆ ಹೇಳುವ ಪ್ರಕಾರ ಬೀಫ್, ಕುರಿ ಖೀಮಾ 160 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಬೇಕು, ಅಂದರೆ 71 ಸೆಲ್ಸಿಯಸ್. ಕೋಳಿ, ಟರ್ಕಿ ಆದರೆ 165, ಅಂದರೆ 74 ಸೆಲ್ಸಿಯಸ್. ಇಡೀ ಮಾಂಸದ ತುಂಡಿನಲ್ಲಿ ರೋಗಾಣು ಹೊರಮೈಯಲ್ಲಿ ಇರುತ್ತವೆ. ಖೀಮಾ ಮಾಡಿದಾಗ ಅವೇ ಒಳಗೆಲ್ಲ ಹರಡುತ್ತವೆ. ಸ್ಟೇಕ್ ಒಳಗೆ ಕೆಂಪಗಿದ್ದರೂ ನಡೆಯುತ್ತದೆ, ಬರ್ಗರ್ ಹಾಗಿರಬಾರದು ಎನ್ನುವುದು ಇದಕ್ಕೇ. ಕೂಸುಗಳು, ವಯಸ್ಸಾದವರು, ಬಸುರಿಯರು ಎಲ್ಲ ತಿನ್ನುವ ಊಟ. ಹತ್ತು ಹದಿನೈದು ಡಾಲರ್‌ನ ಥರ್ಮಾಮೀಟರ್ ಒಂದು ಮನೆಯಲ್ಲಿ ಇರಲಿ.

ಚೀಸ್ ಯಾವುದು? ಒಳ್ಳೆ ಚೆಡ್ಡಾರ್ ಹಾಕಿದರೆ ಇನ್ನೂ ರುಚಿ ಅಲ್ವಾ?

ರುಚಿ ಹೌದು, ಕರಗುವುದು ಇಲ್ಲ. ಹಳೆಯ ಚೆಡ್ಡಾರ್ ಕಾಯಿಸಿದರೆ ಎಣ್ಣೆ ಬೇರೆ, ಗಂಟು ಬೇರೆ ಆಗುತ್ತದೆ. ಅಮೆರಿಕನ್ ಚೀಸ್‌ನಲ್ಲಿ ಸೋಡಿಯಂ ಸಿಟ್ರೇಟ್‌ನಂಥ ಲವಣ ಇರುತ್ತದೆ. ಅದು ಕೊಬ್ಬು, ನೀರು ಬೇರೆಯಾಗದಂತೆ ಹಿಡಿದಿಡುತ್ತದೆ. ಜೇಮ್ಸ್ ಕ್ರಾಫ್ಟ್ 1916ರಲ್ಲಿ ಇಂಥ ಸಂಸ್ಕರಿಸಿದ ಚೀಸ್‌ಗೆ ಪೇಟೆಂಟ್ ಪಡೆದದ್ದು ತುಂಬ ದಿನ ಕೆಡದಿರಲಿ ಅಂತ. ನಮಗೆ ಸಿಕ್ಕ ಲಾಭ ಈ ನುಣುಪು. ಚೆಡ್ಡಾರ್ ಬೇಕೇ ಬೇಕು ಅಂದರೆ ಕೆಳಗೆ ಅಮೆರಿಕನ್ ಹಾಳೆ ಹಾಕಿ, ಮೇಲೆ ಎಳೆಯ ಚೆಡ್ಡಾರ್ ನೀವೇ ತುರಿದು ಹಾಕಿ. ಪೊಟ್ಟಣದಲ್ಲಿ ತುರಿದು ಬರುವ ಚೀಸ್‌ಗೆ ಅಂಟದಿರಲಿ ಅಂತ ಪಿಷ್ಟ ಹಚ್ಚಿರುತ್ತಾರೆ, ಅದು ಅಷ್ಟು ಚೆನ್ನಾಗಿ ಕರಗುವುದಿಲ್ಲ.

ಹವಾಯಿಯನ್ ರೋಲ್ ಸಿಹಿ ಇರುತ್ತಲ್ಲ, ಬರ್ಗರ್‌ಗೆ ಹೊಂದುತ್ತಾ?

ಹೊಂದುತ್ತದೆ. ಉಪ್ಪು ಮಾಂಸ, ಹುಳಿ ಪಿಕಲ್, ನಡುವೆ ಆ ತೆಳು ಸಿಹಿ. ಹತ್ತೊಂಬತ್ತನೇ ಶತಮಾನದಲ್ಲಿ ಕಬ್ಬಿನ ತೋಟದ ಕೆಲಸಕ್ಕೆ ಹವಾಯಿಗೆ ಬಂದ ಪೋರ್ಚುಗೀಸರು ಜೊತೆಗೆ ತಂದ ಸಿಹಿ ಬ್ರೆಡ್ ಇದರ ಮೂಲ. ಹವಾಯಿಯ ಹಿಲೋ ಊರಲ್ಲಿ ರಾಬರ್ಟ್ ಟೈರಾ 1950ರಲ್ಲಿ ಬೇಕರಿ ಶುರು ಮಾಡಿದರು. ಅದೇ ಮುಂದೆ ಕಿಂಗ್ಸ್ ಹವಾಯಿಯನ್ ಆಯಿತು. 1977ರಲ್ಲಿ ಕ್ಯಾಲಿಫೋರ್ನಿಯದ ಟಾರೆನ್ಸ್‌ನಲ್ಲಿ ಬೇಕರಿ ಹಾಕಿದರು.

ಸಕ್ಕರೆ ಇರುವುದರಿಂದ ಈ ರೋಲ್ ಬೇಗ ಕಂದಾಗುತ್ತದೆ. ಮೊದಲ 15 ನಿಮಿಷ ಫಾಯಿಲ್ ಮುಚ್ಚುವುದು ಇದೇ ಕಾರಣಕ್ಕೆ. ಸಿಹಿ ಬೇಡದವರು ಆಲೂಗಡ್ಡೆ ರೋಲ್ ಅಥವಾ ಸಾದಾ ಡಿನ್ನರ್ ರೋಲ್ ತನ್ನಿ. ಒಂದಕ್ಕೊಂದು ಅಂಟಿರಬೇಕು, ಅಷ್ಟೇ ನಿಯಮ. ಬಿಡಿ ಬನ್ ತಂದರೆ ಈ ಅಡುಗೆಯ ಅರ್ಧ ಅನುಕೂಲ ಹೋಯಿತು.

ಗರಂ ಮಸಾಲ, ಹಸಿಮೆಣಸಿನಕಾಯಿ ಹಾಕಬಹುದಾ?

ಖಂಡಿತ ಹಾಕಬಹುದು. ಆದರೆ ಮೊದಲ ಸಲ ಹಾಕದೇ ಮಾಡಿ ನೋಡಿ. ಚೀಸ್‌ಬರ್ಗರ್ ರುಚಿ ನಿಂತಿರುವುದು ಮಾಂಸದ ಕಂದು, ಉಪ್ಪು, ಚೀಸ್, ಹುಳಿ ಈ ನಾಲ್ಕರ ಮೇಲೆ. ಗರಂ ಮಸಾಲ ಬಿದ್ದರೆ ಅದು ಖೀಮಾ ಪಾವ್ ಕಡೆಗೆ ತಿರುಗುತ್ತದೆ. ಅದೂ ಒಳ್ಳೆಯ ತಿಂಡಿಯೇ, ಆದರೆ ಬೇರೆ ತಿಂಡಿ. ಖಾರ ಬೇಕಾದರೆ ಒಂದು ಟ್ರೇಗೆ ಹೆಚ್ಚಿದ ಹಲಪೆನ್ಯೊ (ಮೆಕ್ಸಿಕೋದ ದಪ್ಪ ಹಸಿಮೆಣಸಿನಕಾಯಿ) ಹಾಕಿ ಹುರಿಯಿರಿ, ಇನ್ನೊಂದು ಟ್ರೇ ಮಕ್ಕಳಿಗೆ ಸಪ್ಪೆ ಇರಲಿ.

ಬೀಫ್ ತಿನ್ನದವರು ಇದ್ದಾರೆ. ಕೋಳಿ ಅಥವಾ ಕುರಿ ಖೀಮಾ ಆಗುತ್ತಾ?

ಆಗುತ್ತದೆ. ಕೋಳಿ ಖೀಮಾದಲ್ಲಿ ಕೊಬ್ಬು ಕಡಿಮೆ, ನೀರು ಜಾಸ್ತಿ. ಎರಡು ದೊಡ್ಡ ಚಮಚ ಎಣ್ಣೆ ಅಥವಾ ಬೆಣ್ಣೆಯಲ್ಲಿ ಹುರಿಯಿರಿ. ನೀರು ಪೂರ್ತಿ ಆರುವವರೆಗೆ ಹುರಿಯುವುದನ್ನು ನಿಲ್ಲಿಸಬೇಡಿ. ಎದೆ ಮಾಂಸಕ್ಕಿಂತ ತೊಡೆ ಮಾಂಸದ ಖೀಮಾ ಸಿಕ್ಕರೆ ಅದೇ ಒಳ್ಳೆಯದು. ಬಣ್ಣ, ರುಚಿ ಎರಡಕ್ಕೂ ಒಂದು ಚಮಚ ಟೊಮೆಟೊ ಪೇಸ್ಟ್ ಮತ್ತು ಸ್ವಲ್ಪ ಸೋಯಾ ಸಾಸ್ ಸಹಾಯ ಮಾಡುತ್ತದೆ. ಕುರಿ ಖೀಮಾ ಬೀಫ್ ಹಾಗೆಯೇ ನಡೆದುಕೊಳ್ಳುತ್ತದೆ, ಕೊಬ್ಬು ಚೆನ್ನಾಗಿ ಬಸಿದರೆ ಸಾಕು. ಹಲಾಲ್ ಬೇಕಾದವರು ಬರುತ್ತಾರೆ ಅಂತಿದ್ದರೆ ಮಾಂಸ ಹಲಾಲ್ ಅಂಗಡಿಯಿಂದಲೇ ತನ್ನಿ, ಮತ್ತು ಯಾವ ಟ್ರೇಗೂ ಬೇಕನ್ (ಹಂದಿ ಮಾಂಸ) ಹಾಕಬೇಡಿ.

ಸಸ್ಯಾಹಾರಿಗಳಿಗೆ ಏನು ಮಾಡಲಿ? ನಮ್ಮ ಕೂಟದಲ್ಲಿ ಅರ್ಧ ಜನ ಅವರೇ.

ಅಮೆರಿಕದ ಕನ್ನಡ ಕೂಟಗಳ ಪಿಕ್ನಿಕ್, ಪಾಟ್‌ಲಕ್‌ಗೆ (ಎಲ್ಲರೂ ಒಂದೊಂದು ಅಡುಗೆ ತರುವ ಊಟ) ಅಡುಗೆ ಒಯ್ಯುವವರಿಗೆ ಇದು ದೊಡ್ಡ ಪ್ರಶ್ನೆ. ದಯವಿಟ್ಟು ಇದನ್ನು ಕೊನೆ ಗಳಿಗೆಗೆ ಬಿಡಬೇಡಿ. ಮೂವತ್ತು ಜನರ ಮನೆಯಲ್ಲಿ ಬರೀ ಚಿಪ್ಸ್ ತಿಂದುಕೊಂಡು ಕೂರುವವರು ಯಾರೂ ಇರಬಾರದು.

ಒಳಗಿನ ಹೂರಣದ ಮಾತು ಆಮೇಲೆ. ಮೊದಲು ಕಣ್ಣಿಗೆ ಬೀಳದ ಪದಾರ್ಥಗಳನ್ನು ನೋಡಿ. ವೂಸ್ಟರ್‌ಶೈರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಇರುತ್ತದೆ. ಬೆಣ್ಣೆಗೆ ಕಲಸುವ ಒಂದು ಚಮಚದಲ್ಲಿ ಇಡೀ ಟ್ರೇ ಮಾಂಸಾಹಾರ ಆಯಿತು. ಅದರ ಬದಲು ಸೋಯಾ ಸಾಸ್ ಹಾಕಿ, ರುಚಿ ಏನೂ ಕೆಡುವುದಿಲ್ಲ. ಕಿಂಗ್ಸ್ ಹವಾಯಿಯನ್ ಮೂಲ ರೋಲ್‌ನಲ್ಲಿ ಮೊಟ್ಟೆ ಇದೆ. ಮೊಟ್ಟೆ ತಿನ್ನದವರಿಗೆ ಬೇರೆ ರೋಲ್ ಹುಡುಕಬೇಕು. ಹಿಂದೆ ಮುದ್ರಿಸಿದ ಪಟ್ಟಿ ಓದಿ ತನ್ನಿ. ಚೀಸ್‌ನಲ್ಲಿ ರೆನೆಟ್, ಅಂದರೆ ಹಾಲು ಒಡೆಸುವ ಪದಾರ್ಥದ ಪ್ರಶ್ನೆ. ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಕೆಲವು ಚೀಸ್‌ಗಳಲ್ಲಿ ಇರುತ್ತದೆ. ಪೊಟ್ಟಣದ ಮೇಲೆ ಮೈಕ್ರೋಬಿಯಲ್ ಅಥವಾ ವೆಜಿಟೇರಿಯನ್ ರೆನೆಟ್ ಅಂತ ಇದ್ದರೆ ಚಿಂತೆ ಇಲ್ಲ.

ಹೂರಣಕ್ಕೆ ಮೂರು ದಾರಿ. ಬೀಫ್‌ಗೆ ಅತಿ ಹತ್ತಿರದ ರುಚಿ ಬೇಕಾದರೆ ಇಂಪಾಸಿಬಲ್ ಅಥವಾ ಬಿಯಾಂಡ್ ಹೆಸರಿನ ಸಸ್ಯಜನ್ಯ ಖೀಮಾ. ಇಂಪಾಸಿಬಲ್ 2016ರಲ್ಲಿ ಬಂತು. ಸೋಯಾ ಬೇರಿನಲ್ಲಿರುವ ಹೀಮ್ ಪ್ರೋಟೀನನ್ನು ಯೀಸ್ಟ್‌ನಲ್ಲಿ ತಯಾರಿಸಿ ಸೇರಿಸುತ್ತಾರೆ, ಮಾಂಸದಂಥ ರುಚಿ ಬರುವುದು ಅದರಿಂದ. ಮಾಂಸ ಬಿಟ್ಟವರಿಗೆ ಇದು ಇಷ್ಟ. ಆದರೆ ಹುಟ್ಟಿನಿಂದ ಸಸ್ಯಾಹಾರಿಯಾದ ಎಷ್ಟೋ ಜನಕ್ಕೆ ಆ ವಾಸನೆಯೇ ಹಿಡಿಸುವುದಿಲ್ಲ. ಕೇಳದೆ ಬಡಿಸಬೇಡಿ.

ನನಗೆ ಹೆಚ್ಚು ಇಷ್ಟ ಅಣಬೆ ಮತ್ತು ಕಂದು ಮಸೂರ. 1.5 ಪೌಂಡ್ ಬಟನ್ ಅಣಬೆ ಸಣ್ಣಗೆ ಹೆಚ್ಚಿ, ಜೋರು ಉರಿಯಲ್ಲಿ ನೀರು ಪೂರ್ತಿ ಆರುವವರೆಗೆ ಹುರಿಯಿರಿ. ಅಣಬೆಯ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಇಲ್ಲಿ ಅವಸರ ಮಾಡಿದರೆ ಬನ್ ಹೋಯಿತು ಅಂತಲೇ ಲೆಕ್ಕ. ಅದು ಕುಗ್ಗಿ ಕಂದಾದ ಮೇಲೆ ಈರುಳ್ಳಿ, ಎರಡು ಕಪ್ ಬೇಯಿಸಿ ಬಸಿದ ಮಸೂರ, ಒಂದು ದೊಡ್ಡ ಚಮಚ ಟೊಮೆಟೊ ಪೇಸ್ಟ್, ಒಂದು ದೊಡ್ಡ ಚಮಚ ಸೋಯಾ ಸಾಸ್, ಒಂದು ಚಮಚ ಸ್ಮೋಕ್ಡ್ ಪ್ಯಾಪ್ರಿಕಾ (ಹೊಗೆ ವಾಸನೆಯ ಕೆಂಪು ಮೆಣಸಿನ ಪುಡಿ). ಕೆದಕುತ್ತಾ ಒಣಗಿಸಿ.

ಅಣಬೆ, ಈರುಳ್ಳಿ, ಬೆಳ್ಳುಳ್ಳಿ ಯಾವುದನ್ನೂ ತಿನ್ನದವರಿಗೆ ಪನೀರ್. 500 ಗ್ರಾಂ ಪನೀರ್ ಪುಡಿ ಮಾಡಿ, ಹುರಿದ ದೊಣ್ಣೆಮೆಣಸಿನಕಾಯಿ, ಕಾಳುಮೆಣಸು, ಜೀರಿಗೆ ಪುಡಿ ಹಾಕಿ.

ಟ್ರೇ ಬೇರೆ, ಚಾಕು ಬೇರೆ, ಬಡಿಸುವ ಚಮಚ ಬೇರೆ. ಬೆಣ್ಣೆ ಸವರುವ ಬ್ರಷ್ ಕೂಡ ಬೇರೆ, ಇದನ್ನು ಮರೆಯುವವರೇ ಜಾಸ್ತಿ. ಓವನ್ ಒಂದೇ ಆದರೆ ಸಸ್ಯಾಹಾರದ ಟ್ರೇ ಮೇಲಿನ ಅಂತಸ್ತಿಗೆ ಇಡಿ, ಆಗ ಮಾಂಸದ ರಸ ಅದರ ಮೇಲೆ ಬೀಳುವ ಪ್ರಶ್ನೆಯೇ ಇಲ್ಲ. ಸಾಧ್ಯವಾದರೆ ಅದನ್ನೇ ಮೊದಲು ಬೇಯಿಸಿ. ಮೇಜಿನ ಮೇಲೆ ಚೀಟಿ ಬರೆದಿಡಿ: ಬೀಫ್, ಕೋಳಿ, ಸಸ್ಯಾಹಾರ, ಮೊಟ್ಟೆ ಇದೆ, ಮೊಟ್ಟೆ ಇಲ್ಲ. ಬನ್ ಮುಚ್ಚಿದ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ. ಮಕ್ಕಳು ಬೇರೆ ಓಡಿ ಬಂದು ಕೈಗೆ ಸಿಕ್ಕಿದ್ದನ್ನು ತೆಗೆದುಕೊಳ್ಳುತ್ತಾರೆ. ಬೀಫ್‌ನ ಟ್ರೇಗೆ ಬಿಳಿ ಎಳ್ಳು, ಸಸ್ಯಾಹಾರದ್ದಕ್ಕೆ ಕಪ್ಪೆಳ್ಳು ಅಂತ ಗುರುತು ಮಾಡಿದರೆ ಕೊಯ್ದು ತಟ್ಟೆಗೆ ಹೋದ ಮೇಲೂ ಗೊತ್ತಾಗುತ್ತದೆ.

ಎಷ್ಟು ಜನಕ್ಕೆ ಎಷ್ಟು ಟ್ರೇ?

ಸ್ಲೈಡರೇ ಮುಖ್ಯ ಊಟವಾದರೆ ದೊಡ್ಡವರಿಗೆ ಎರಡೂವರೆ, ಮಕ್ಕಳಿಗೆ ಒಂದೂವರೆ ಅಂತ ಲೆಕ್ಕ ಹಾಕಿ. 20 ದೊಡ್ಡವರು, 10 ಮಕ್ಕಳು ಅಂದರೆ 65 ಸ್ಲೈಡರ್. 6 ಟ್ರೇ ಮಾಡಿದರೆ 72 ಆಗುತ್ತವೆ, ಸರಿಹೋಗುತ್ತದೆ. ಎಲ್ಲವೂ ಬೀಫ್ ಆದರೆ 12 ಪೌಂಡ್ ಮಾಂಸ. ಪಾಟ್‌ಲಕ್ ಆಗಿದ್ದು ಪಕ್ಕದಲ್ಲಿ ಬಿಸಿಬೇಳೆಬಾತು, ಪುಳಿಯೋಗರೆ, ಚಿತ್ರಾನ್ನ ಎಲ್ಲ ಇದ್ದರೆ ತಲೆಗೆ ಒಂದೇ ಸಾಕು. ಸಸ್ಯಾಹಾರದ ಟ್ರೇ ಮಾತ್ರ ಲೆಕ್ಕಕ್ಕಿಂತ ಒಂದು ಜಾಸ್ತಿ ಇರಲಿ. ಮಾಂಸ ತಿನ್ನುವವರೂ ಅದನ್ನು ರುಚಿ ನೋಡುತ್ತಾರೆ, ಆದರೆ ಸಸ್ಯಾಹಾರಿಗಳಿಗೆ ಬೇರೆ ದಾರಿ ಇರುವುದಿಲ್ಲ.

ಎರಡು ಮೂರು ಟ್ರೇ ಒಟ್ಟಿಗೆ ಓವನ್‌ನಲ್ಲಿ ಇಡಬಹುದಾ?

ಎರಡು ಇಡಬಹುದು. ಅರ್ಧ ಸಮಯದಲ್ಲಿ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಬದಲಿಸಿ. ಸಸ್ಯಾಹಾರದ ಟ್ರೇ ಜೊತೆಗಿದ್ದರೆ ಬದಲಿಸಬೇಡಿ, ಒಂದೇ ಅಂತಸ್ತಿನಲ್ಲಿ ತಿರುಗಿಸಿ ಇಡಿ. 5 ನಿಮಿಷ ಹೆಚ್ಚು ಬೇಕಾಗುತ್ತದೆ. 13×18 ಇಂಚಿನ ದೊಡ್ಡ ಶೀಟ್ ಪ್ಯಾನ್ ಇದ್ದರೆ ಎರಡು ಹಾಳೆ ಬನ್ ಅಕ್ಕಪಕ್ಕ ಕೂರುತ್ತವೆ, 24 ಸ್ಲೈಡರ್ ಒಂದೇ ಸಲಕ್ಕೆ.

ಹಿಂದಿನ ದಿನವೇ ಮಾಡಿಡಬಹುದಾ?

ಹುರಿದ ಮಾಂಸವನ್ನು ಬೇರೆ ಡಬ್ಬದಲ್ಲಿ ಫ್ರಿಜ್‌ನಲ್ಲಿಟ್ಟು, ಅದೇ ದಿನ ಜೋಡಿಸುವುದು ಎಲ್ಲಕ್ಕಿಂತ ಒಳ್ಳೆಯದು. ಪೂರ್ತಿ ಜೋಡಿಸಿಡುವುದಾದರೆ ಮಾಂಸ ಆರಿರಬೇಕು. ಬಿಸಿ ಮಾಂಸ ಬನ್ ಮೇಲೆ ಹಾಕಿ ಮುಚ್ಚಿದರೆ ರಾತ್ರಿಯೆಲ್ಲ ಹಬೆ ಬಿಡುತ್ತದೆ. ಬೆಣ್ಣೆ ಸವರುವುದು ಓವನ್‌ಗೆ ಇಡುವ ಮುಂಚೆ ಮಾತ್ರ. ಫ್ರಿಜ್‌ನಿಂದ ತೆಗೆದ ಟ್ರೇಗೆ ಫಾಯಿಲ್ ಕೆಳಗೆ 25 ನಿಮಿಷ ಕೊಡಿ, ಆಮೇಲೆ ತೆರೆದು 5. ಇಪ್ಪತ್ನಾಲ್ಕು ಗಂಟೆ ದಾಟಿಸಬೇಡಿ. ಅದಕ್ಕೂ ಮುಂಚೆ ಮಾಡಬೇಕಾದರೆ ಬೇಯಿಸದ ಟ್ರೇಯನ್ನು ಬಿಗಿಯಾಗಿ ಸುತ್ತಿ ಫ್ರೀಜರ್‌ಗೆ ಹಾಕಿ, ಹಿಂದಿನ ರಾತ್ರಿ ಫ್ರಿಜ್‌ಗೆ ಇಳಿಸಿ.

ಬೇರೆ ಕಡೆ ಒಯ್ಯಬೇಕು. ದಾರಿಯಲ್ಲಿ ಏನೂ ಆಗುವುದಿಲ್ಲವೇ?

ಅರ್ಧ ಗಂಟೆ ದಾರಿಯಾದರೆ ಫಾಯಿಲ್ ಮುಚ್ಚಿ, ಟವೆಲ್ ಸುತ್ತಿ, ಐಸ್ ಹಾಕದ ಕೂಲರ್ ಡಬ್ಬದಲ್ಲಿಡಿ. ಅದು ಬಿಸಿಯನ್ನೂ ಅಷ್ಟೇ ಚೆನ್ನಾಗಿ ಹಿಡಿಯುತ್ತದೆ. ಫಾಯಿಲ್‌ನ ಒಂದು ಮೂಲೆ ಸ್ವಲ್ಪ ತೆರೆದಿರಲಿ. ಅಲ್ಲಿ ಓವನ್ ಇದೆ ಅಂತ ಗೊತ್ತಿದ್ದರೆ ಬೇಯಿಸದ ಟ್ರೇಯನ್ನು ಐಸ್ ಜೊತೆ ತಣ್ಣಗೆ ಒಯ್ದು ಅಲ್ಲೇ ಬೇಯಿಸುವುದು ಇನ್ನೂ ಒಳ್ಳೆಯದು.

ಬೆಂದ ಸ್ಲೈಡರ್ ಮೇಜಿನ ಮೇಲೆ ಎರಡು ಗಂಟೆ ಇರಬಹುದು, ಅದಕ್ಕಿಂತ ಜಾಸ್ತಿ ಬೇಡ. ಬೇಸಿಗೆಯಲ್ಲಿ ಹೊರಗೆ 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ಒಂದೇ ಗಂಟೆ. ಹಾಗಾಗಿ ಪಾರ್ಕಿನ ಪಿಕ್ನಿಕ್‌ಗೆ ಎಲ್ಲ ಟ್ರೇ ಒಮ್ಮೆಗೇ ತೆರೆಯಬೇಡಿ. ಒಂದು ಮುಗಿದ ಮೇಲೆ ಇನ್ನೊಂದು.

ಬೆಂಗಳೂರಲ್ಲೋ ಮೈಸೂರಲ್ಲೋ ಮಾಡಬೇಕು. ಚಿಕ್ಕ ಓವನ್ ಇದೆ, ಹವಾಯಿಯನ್ ರೋಲ್ ಸಿಗುವುದಿಲ್ಲ.

ಅಂಟಿಕೊಂಡ ಬನ್ ಬೇಕು ಅಂದೆನಲ್ಲ, ಲಾದಿ ಪಾವ್ ಹಾಗೇ ಬರುತ್ತದೆ. ಬೇಕರಿಯವರಿಗೆ ಬಿಡಿಸದೆ ಇಡೀ ಹಾಳೆ ಕೊಡಿ ಅಂತ ಹೇಳಿ. ಸಿಹಿ ಬೇಕಾದರೆ ಮೇಲಿನ ಬೆಣ್ಣೆಗೆ ಒಂದು ಚಮಚ ಜೇನು ಕಲಸಿ. ಅಯ್ಯಂಗಾರ್ ಬೇಕರಿಯ ಬನ್ ಮೊಟ್ಟೆ ಇಲ್ಲದ್ದು, ಅದನ್ನೂ ಒತ್ತಾಗಿ ಜೋಡಿಸಿ ಮಾಡಬಹುದು. ಚೀಸ್‌ಗೆ ಅಮುಲ್ ಹಾಳೆ. ಅದು ಸಂಸ್ಕರಿಸಿದ ಚೀಸ್, ಚೆನ್ನಾಗಿ ಕರಗುತ್ತದೆ, ಹಸಿರು ಚುಕ್ಕೆಯೂ ಇದೆ. ಕುರಿ ಅಥವಾ ಕೋಳಿ ಖೀಮಾ ಅಂಗಡಿಯಲ್ಲಿ ಕಣ್ಣೆದುರೇ ಮಾಡಿಸಿ. ಅಲ್ಲಿ ಖೀಮಾ ತೊಳೆಯುವ ಅಭ್ಯಾಸ ಇದೆಯಲ್ಲ, ತೊಳೆದರೆ ನೀರು ಇನ್ನೂ ಜಾಸ್ತಿ. ಮಾಂಸವನ್ನು ತುಂಡಾಗಿದ್ದಾಗಲೇ ತೊಳೆಸಿ, ಒರೆಸಿ, ಆಮೇಲೆ ಖೀಮಾ ಮಾಡಿಸಿ.

ಚಿಕ್ಕ ಓವನ್‌ಗೆ 9×13 ಟ್ರೇ ಹಿಡಿಯದು. 8 ಇಂಚಿನ ಚೌಕ ಟ್ರೇಯಲ್ಲಿ ಆರೋ ಒಂಬತ್ತೋ ಪಾವ್ ಹಿಡಿಸಿದಷ್ಟು ಮಾಡಿ. 170 ಸೆಲ್ಸಿಯಸ್ ಇಡಿ, ಮೇಲೆ ಬಿಸಿಯಾಗುವ ಕಡ್ಡಿ ಬನ್‌ಗೆ ತುಂಬ ಹತ್ತಿರ ಇರುವುದರಿಂದ ಫಾಯಿಲ್ ಕೊನೆಯ ಎರಡು ಮೂರು ನಿಮಿಷಕ್ಕೆ ಮಾತ್ರ ತೆಗೆಯಿರಿ. ಗುಂಪು ದೊಡ್ಡದಾದರೆ ಒಂದರ ಹಿಂದೆ ಒಂದು ಟ್ರೇ ಬೇಯಿಸುತ್ತಾ ಹೋಗಬೇಕು, ಬಿಸಿಬಿಸಿಯಾಗಿ ಸಿಗುವುದು ಒಂದು ಲಾಭ.

ಜೊತೆಗೆ ಏನಿಡಬೇಕು?

ಕೋಲ್‌ಸ್ಲಾ (ಎಲೆಕೋಸಿನ ಸಲಾಡ್), ಆಲೂಗಡ್ಡೆ ಚಿಪ್ಸ್, ಪಿಕಲ್, ಕೆಚಪ್, ಹಳದಿ ಸಾಸಿವೆ. ಕೋಸಂಬರಿ ಕೂಡ ತುಂಬ ಚೆನ್ನಾಗಿ ಹೋಗುತ್ತದೆ. ಬೆಣ್ಣೆ, ಚೀಸ್ ತಿಂದ ಬಾಯಿಗೆ ನಿಂಬೆಹುಳಿ, ಸೌತೆಕಾಯಿ ಬೇಕನಿಸುತ್ತದೆ.

ಉಳಿದದ್ದನ್ನು ಮತ್ತೆ ಬಿಸಿ ಮಾಡುವುದು ಹೇಗೆ?

ಎರಡು ಗಂಟೆಯೊಳಗೆ ಫ್ರಿಜ್‌ಗೆ ಹಾಕಿದ್ದರೆ ಮೂರು ನಾಲ್ಕು ದಿನ ಇರುತ್ತದೆ. ಪಿಕಲ್, ಲೆಟಿಸ್ ಒಳಗಿದ್ದರೆ ತೆಗೆದಿಡಿ. ಮೈಕ್ರೋವೇವ್‌ನಲ್ಲಿ ಬನ್ ಮೊದಲು ಮೆತ್ತಗಾಗಿ, ಆರಿದ ಮೇಲೆ ರಬ್ಬರ್ ಆಗುತ್ತದೆ. ಓವನ್ ಅಥವಾ ಏರ್ ಫ್ರೈಯರ್‌ನಲ್ಲಿ 325 ಡಿಗ್ರಿ ಫ್ಯಾರನ್‌ಹೀಟ್‌ಗೆ ಫಾಯಿಲ್ ಸುತ್ತಿ, ನಡುಭಾಗ 165 ಮುಟ್ಟುವವರೆಗೆ ಬಿಸಿ ಮಾಡಿ. ಕೊನೆಯ ಎರಡು ನಿಮಿಷ ಫಾಯಿಲ್ ಬಿಚ್ಚಿ. ಏರ್ ಫ್ರೈಯರ್ ಆದರೆ ಫಾಯಿಲ್ ಹಾರದಂತೆ ಬಿಗಿಯಾಗಿ ಸುತ್ತಿರಲಿ.